ತೇಲುಮರದ ಒರೆ

ಬ್ರಾಂಡುರ್ ಕತ್ತಿ ತಂದದ್ದು ಟವೆಲಿನಲ್ಲಿ ಸುತ್ತಿ,
ಹಸುಗೂಸನ್ನು ಮೊದಲ ಸಲ ಎತ್ತಿಕೊಂಡ ಗಂಡಸಿನ ಹಾಗೆ,
ಎಲ್ಲಿ ಹಿಡಿಯಬೇಕೋ ತಿಳಿಯದೆ.
ಹನ್ನೊಂದು ವರ್ಷವಾಗಿತ್ತು ಅವನು ಈ ಹೊಸ್ತಿಲು ದಾಟಿ.
"ಮ್ಯೂಸಿಯಮ್ಮಿನವರು ಒರೆ ಬೇಕೆನ್ನುತ್ತಾರೆ, ಹಲ್ಬೇರಾ.
ಮರದ್ದು. ಕೆತ್ತನೆಯದು."
ಕಾಫಿ ಕುಡಿದ. ಸಕ್ಕರೆ ಎಷ್ಟೆಂದು ಕೇಳಲಿಲ್ಲ ನಾನು;
ಮರೆತಿರಲಿಲ್ಲ, ಅದಕ್ಕೇ.

ಅಸಲು ಕತ್ತಿ ಸಿಕ್ಕದ್ದು ರಸ್ತೆ ಅಗೆಯುವಾಗ, ಯಾರದೋ ಗೋರಿಯಲ್ಲಿ,
ಪಕ್ಕಕ್ಕೆ ಕುದುರೆಯ ಹಲ್ಲು.
ಸಾವಿರ ವರ್ಷ ತುಕ್ಕು ತಿಂದು ಮಿಕ್ಕದ್ದು
ಸುಟ್ಟ ಮೀನಿನ ಬೆನ್ನೆಲುಬಿನಂಥದು.
ಒರೆ ಮಣ್ಣಿಗೆ ಮಣ್ಣಾಗಿದೆ,
ತುಕ್ಕಿಗೆ ಕಚ್ಚಿಕೊಂಡ ನಾಲ್ಕು ಎಳೆ ಬಿಟ್ಟರೆ.
ಯಾವ ಮರ? ಗೊತ್ತಿಲ್ಲ. ಯಾವ ಚಿತ್ತಾರ? ಗೊತ್ತಿಲ್ಲ.
ಅವನ ಮುಂದೆ ಅಳತೆಯಿತ್ತು, ಫೋಟೋ ಇತ್ತು, ತೂಕವಿತ್ತು.
ನನ್ನ ಮುಂದೆ ನಾಲ್ಕು ಎಳೆ.

ನಮ್ಮ ಕಡೆ ಮರ ಬೆಳೆಯುವುದಿಲ್ಲ, ಬರುತ್ತದೆ.
ಸೈಬೀರಿಯಾದ ಯಾವುದೋ ನದಿ ಕೈಬಿಟ್ಟ ದಿಮ್ಮಿ
ಮಂಜುಗಡ್ಡೆಯ ಬೆನ್ನೇರಿ ನಾಲ್ಕೈದು ವರ್ಷ ಅಲೆದು
ಐಸ್‌ಲ್ಯಾಂಡಿನ ಈ ಕಪ್ಪು ಕಲ್ಲುದಂಡೆಗೆ ಬಂದು ಒರಗುತ್ತದೆ,
ತೊಗಟೆ ಕಳಚಿ, ಬೆಳ್ಳಗೆ, ಊರು ಹೇಳಲಾರದೆ.
ನಾನು ಎತ್ತಿಟ್ಟಿದ್ದು ಆಸ್ಪೆನ್. ಅಪರೂಪ. ಮೆದು.
ಕಬ್ಬಿಣಕ್ಕೆ ಉಪ್ಪು ಆಗದೆಂದು
ಒಂದು ಚಳಿಗಾಲ ಪೂರ್ತಿ ಹೊಳೆಯಲ್ಲಿ ಮಲಗಿಸಿದ್ದೆ.

ಎರಡು ಹಲಗೆ. ಒಳಗೆ ಕತ್ತಿಯ ನೆರಳು ಹಿಡಿಸುವಷ್ಟೇ ಹಳ್ಳ.
ಕೂದಲೆಳೆ ಹೆಚ್ಚಾದರೆ ಗಡಗಡ,
ಕೂದಲೆಳೆ ಕಡಿಮೆಯಾದರೆ ಉಸಿರುಕಟ್ಟು.
ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳಿದವಳು;
ಚಾಕುವಿನ ಬಾಯಿ ಬಲ್ಲೆ,
ಅದು ಮಲಗುವ ಜಾಗ ಯೋಚಿಸಿದವಳಲ್ಲ.
ಒಳಕ್ಕೆ ತಂಗಿಯ ಹಿಂಡಿನ ಕುರಿತುಪ್ಪಳ, ತೊಳೆಯದ್ದು,
ಅದರ ಜಿಡ್ಡೇ ಕತ್ತಿಗೆ ಎಣ್ಣೆ.
ಕೂದಲು ಬಾಯಿಂದ ತುದಿಯತ್ತ ಬಾಗಿರಬೇಕು.
ಮೊದಲ ಸಲ ತಿರುವುಮುರುವಾಗಿ ಅಂಟಿಸಿ
ಬೈದುಕೊಂಡು ಕಿತ್ತೆ.

ಹೊರಮೈಗೆ ಮ್ಯೂಸಿಯಮ್ಮಿನ ಹುಡುಗಿ ಚಿತ್ರ ಕಳಿಸಿದ್ದಳು:
ಒಂದರ ಬಾಲ ಒಂದು ಕಚ್ಚಿ ಜಡೆ ಹೆಣೆದ ಮೃಗಗಳು.
ಮೂರನೆಯ ದಿನ ಉಳಿ ಜಾರಿ ದವಡೆಯೊಂದು ಹಾರಿತು.
ಮೇಲೆ ಒಂದು ತೂತು ಮೊದಲೇ ಇತ್ತು,
ಕಡಲಹುಳು ಕೊರೆದದ್ದು; ಎಲ್ಲಿ ಹತ್ತಿ ಎಲ್ಲಿ ಇಳಿಯಿತೋ.
ಅದನ್ನೇ ಕಣ್ಣಾಗಿಸಿದೆ.
ಹಲ್ಲಿಲ್ಲದ ಮೃಗ ಈಗ
ಯಾರದೋ ಅಜ್ಜಿಯಂತೆ ನೋಡುತ್ತದೆ. ನೋಡಲಿ.

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಅನ್ನುತ್ತಾರೆ.
ನಮ್ಮ ಕಥೆ ಅದಲ್ಲ.
ನಾವು ಎರಡೂ ಒರೆಗಳೇ,
ಗೋಡೆಗೆ ಒರಗಿ ಸುಮ್ಮನೆ ಕಾದೆವು.

ಅವನು ಮತ್ತೆ ಬಂದ ದಿನ
ಒರೆಗೆ ಹಚ್ಚಿದ್ದು ಕತ್ತಿಯನ್ನಲ್ಲ, ಒರೆಯನ್ನೇ:
ತಲೆಕೆಳಗೆ ಹಿಡಿದೆ. ಕತ್ತಿ ಬೀಳಲಿಲ್ಲ.
ಹೆಬ್ಬೆರಳಲ್ಲಿ ತುಸು ನೂಕಿದೆ. ಬಿಟ್ಟುಕೊಟ್ಟಿತು,
ತುಪ್ಪಳದ ಮೇಲೆ, ಸದ್ದಿಲ್ಲದೆ.
ಅಲಗು ಮೊಂಡು; ಪ್ರದರ್ಶನದ್ದು, ಬೆಣ್ಣೆಗೂ ಲಾಯಕ್ಕಿಲ್ಲ.
"ಚೀಟಿಯಲ್ಲಿ ಏನು ಬರೆಯುತ್ತಾರೆ?"
"ನಕಲು."
"ಕತ್ತಿ ನಕಲು, ಸರಿ. ಇದು ಯಾವುದರ ನಕಲು?"
ಮೃಗದ ಕಣ್ಣಿಗೆ ಕಿರುಬೆರಳ ತುದಿಯಿಟ್ಟು
ಸುಮಾರು ಹೊತ್ತು ನಿಂತ.
ಹೋಗುವಾಗ ಟವೆಲು ಇಲ್ಲೇ ಉಳಿಯಿತು.

ರಾತ್ರಿ ಹೆರೆದ ಚಕ್ಕೆಗಳನ್ನು ಒಲೆಗೆ ಸುರಿದೆ.
ನೀಲಿ ಉರಿ. ಅಂಚಿನಲ್ಲಿ ಹಸಿರು.
ಅಂದರೆ ಉಪ್ಪು ಇನ್ನೂ ಇದೆ.
ಫೋನು ಎತ್ತಿಕೊಂಡೆ. ಹೇಳಬೇಕು:
ಆಗಾಗ ಹೊರಗೆ ತೆಗೆದು ಒರೆಸಲಿ, ಎಣ್ಣೆ ಸವರಲಿ,
ಇಲ್ಲದಿದ್ದರೆ ತುಕ್ಕು ಒಳಗೊಳಗೇ ಕೆಲಸಕ್ಕಿಳಿದು
ಮರಕ್ಕೂ ಕಬ್ಬಿಣಕ್ಕೂ ಗಂಟು ಹಾಕುತ್ತದೆ.
ಆ ನಾಲ್ಕು ಎಳೆ ಉಳಿದದ್ದು ಹಾಗೇ.

ನಂಬರು ಬೆರಳಿಗೆ ತಾನಾಗಿ ಬಂತು.
ಕೊನೆಯ ಅಂಕಿ ಒತ್ತದೆ
ಉರಿ ಹಳದಿಯಾಗುವವರೆಗೂ ಕೂತಿದ್ದೆ.